ಬಲಗಡೆಯ ಕಂಬ

"ನನಗೆ ತಲೆ ಕೆಟ್ಟಿದೆಯೋ ಇಲ್ಲವೋ, ಅಷ್ಟು ಹೇಳಿಬಿಡಿ ಮೇಡಂ. ಕೆಟ್ಟಿದೆ ಅಂದ್ರೆ ಸುಮ್ಮನೆ ಮನೇಲಿ ಕೂತ್ಕೋತೀನಿ."

ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೀಗೆ ಕೇಳಿದವಳು ನಮ್ಮ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಹೆಂಗಸು. ವಯಸ್ಸು ಮೂವತ್ತು ದಾಟಿದ್ದರೂ ಓದಲು ಹೋಗುವ ನಾವೆಲ್ಲ ಅವಳನ್ನು ಲೈಬ್ರರಿ ತಂಗಿ ಎಂದೇ ಕರೆಯುತ್ತೇವೆ. ಯಾವ ಪುಸ್ತಕ ಯಾವ ಕಪಾಟಿನ ಯಾವ ಹಲಗೆಯಲ್ಲಿದೆ ಎಂದು ತಿರುಗಿ ನೋಡದೆ ಹೇಳುತ್ತಾಳೆ. ಅವಳ ಗಟ್ಟಿ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವತ್ತು ಅದು ಬೀದಿಯ ಆ ತುದಿಗೂ ಕೇಳಿಸಿರಬೇಕು.

ಅವಳು ಕೇಳಿದ್ದು ನನ್ನನ್ನಲ್ಲ, ನಮ್ಮ ಅತ್ತಿಗೆಯನ್ನು. ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ಏಕೆಂದರೆ ಕೇಳುವ ಮೊದಲೇ ನಾನು ಹೇಳಿಬಿಟ್ಟಿರುತ್ತೇನೆ. ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದವಳು ನಾನು. ನಿವೃತ್ತಳಾದರೂ ಸೀಟಿ ಕೊರಳಿನಿಂದ ಇಳಿದಿಲ್ಲ. ಅತ್ತಿಗೆ ವಿಮಾ ಕಂಪನಿಯಲ್ಲಿ ಸರ್ವೇಯರ್ ಆಗಿದ್ದವರು. ಡಿಕ್ಕಿಯಾದ ವಾಹನವನ್ನು ಸುತ್ತಿ ನೋಡಿ, ನಿಜವಾಗಿ ಏನು ನಡೆಯಿತೆಂದು ಹೇಳುವುದು ಅವರ ಕೆಲಸ. ನಮ್ಮಣ್ಣ ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಮನೆ. ಊರವರ ತಲೆನೋವುಗಳು ಅತ್ತಿಗೆಯನ್ನು ಹುಡುಕಿಕೊಂಡು ಬರುತ್ತವೆ. ಅವರು ಬಾಯಲ್ಲೊಂದು ಲವಂಗ ಇಟ್ಟುಕೊಂಡು ತಣ್ಣಗೆ ಕೇಳುತ್ತಾರೆ, ಪಕ್ಕದಲ್ಲಿ ನಾನು ಕುದಿಯುತ್ತಿರುತ್ತೇನೆ.

"ಒಳಗೆ ಬಾ, ಕೂತ್ಕೋ," ಎಂದರು ಅತ್ತಿಗೆ. "ತಲೆ ವಿಷಯ ಆಮೇಲೆ. ಮೊದಲು ಏನಾಯ್ತು ಹೇಳು."

ಅವಳು ಕೂತು ಹೇಳಿದ್ದಿಷ್ಟು. ದೂರದ ಹಳ್ಳಿಗಳಿಗೆ ಪುಸ್ತಕ ಒಯ್ಯಲು ಲೈಬ್ರರಿಗೆ ಒಂದು ವ್ಯಾನು ಬಂದಿತ್ತು. ಅದನ್ನು ಓಡಿಸಿಕೊಂಡು ಹೋಗಿ, ಪುಸ್ತಕ ಕೊಟ್ಟು, ಹಳೆಯದನ್ನು ತೆಗೆದುಕೊಂಡು ಬರಬೇಕು. ಒಮ್ಮೆ ಹೊರಟರೆ ಎರಡು ರಾತ್ರಿ ಹೊರಗೇ. ಲೈಬ್ರರಿಯ ಅಧಿಕಾರಿ ಅವಳನ್ನೇ ಕರೆದು, "ಪುಸ್ತಕ ಗೊತ್ತಿರೋಳು ನೀನು. ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದರೆ ಕೆಲಸ ನಿನ್ನದು. ಇಲ್ಲದಿದ್ರೆ ಜವಾನನಿಗೆ ಕೊಡಬೇಕಾಗುತ್ತೆ, ಅವನ ಹತ್ರ ಲೈಸೆನ್ಸ್ ಇದೆ," ಎಂದಿದ್ದರಂತೆ. ಇವಳು ಡ್ರೈವಿಂಗ್ ಸ್ಕೂಲಿಗೆ ಸೇರಿ, ಬೆವರು ಸುರಿಸಿ ಕಲಿತಳು. ಮೂರು ದಿನದ ಹಿಂದೆ ಪರೀಕ್ಷೆ. ಎಲ್ಲವೂ ಸರಿಯಾಯಿತು, ಕೊನೆಯಲ್ಲಿ ಕಾರನ್ನು ಹಿಮ್ಮುಖವಾಗಿ ಕಂಬಗಳ ನಡುವೆ ತರುವಾಗ ಹಿಂಭಾಗ ಬಲಗಡೆಯ ಕಂಬಕ್ಕೆ ತಗಲಿತು. ಫೇಲು.

"ಎಲ್ಲಾರೂ ಗಾಬರಿ ಆದೆ ಅಂತಾರೆ ಮೇಡಂ. ನಾನು ಗಾಬರಿ ಆಗಿರ್ಲಿಲ್ಲ! ಕಪಾಟಿಗೆ ಪುಸ್ತಕ ಇಟ್ಟ ಹಾಗೆ ಇಟ್ಟೆ. ಡ್ರೈವಿಂಗ್ ಸ್ಕೂಲಿನ ಮಾಮ ಹೇಳಿಕೊಟ್ಟ ಹಾಗೇ, ಕಂಬ ಗುರುತಿಗೆ ಬಂತು, ಸ್ಟೇರಿಂಗ್ ಪೂರ್ತಿ ತಿರುಗಿಸಿದೆ. ಅದೇ ಕಾರು, ಅದೇ ಗುರುತು, ಅದೇ ನಾನು. ಕಲಿಯುವಾಗ ಮೈದಾನದಲ್ಲಿ ಒಂದು ದಿನವೂ ತಗಲದೆ ಇದ್ದದ್ದು ಅವತ್ತು ಹೇಗೆ ತಗಲಿತು? ಆ ಇನ್‌ಸ್ಪೆಕ್ಟರು ಎಲ್ಲರ ಮುಂದೆ, 'ಪುಸ್ತಕ ಜೋಡಿಸೋದಲ್ಲಮ್ಮ ಇದು' ಅಂದ. ಹಾಳೆ ಮೇಲೆ 'ಗಾಬರಿ ಸ್ವಭಾವ' ಅಂತ ಬರೆದ."

ನನಗೆ ನೆತ್ತಿಗೇರಿತು. "ಯಾರವನು? ಆ ದಪ್ಪ ಮೀಸೆಯವನಾ? ನನ್ನ ಶಿಷ್ಯ ಅವನು! ಹಗ್ಗ ಹತ್ತೋಕೆ ಹೇಳಿದ್ರೆ ಅರ್ಧಕ್ಕೇ 'ಟೀಚರ್ ಇಳಿಸಿ' ಅಂತ ಅಳ್ತಿದ್ದ. ಅವನು ಇವಳಿಗೆ ಗಾಬರಿ ಅಂತ ಬರೀತಾನಾ?"

"ಸ್ವಲ್ಪ ಸುಮ್ಮನಿರೇ," ಎಂದರು ಅತ್ತಿಗೆ. "ಕೈಗೇನಾಯ್ತಮ್ಮ?"

ಅವಳು ಬಲಗೈ ಗೆಣ್ಣಿನ ಮೇಲಿದ್ದ ಪ್ಲಾಸ್ಟರನ್ನು ಮುಚ್ಚಿಕೊಂಡಳು. ಮೂರು ದಿನ ಪಾತ್ರೆ ತಿಕ್ಕಿದ ಕೈ. ಆದರೂ ದುಂಡು ಮೂಲೆಯ ಆ ಪ್ಲಾಸ್ಟರು ಒಂದಂಚೂ ಏಳದೆ ಕೂತಿತ್ತು. "ಸಿಟ್ಟು ತಡೀಲಿಲ್ಲ. ಆ ಕಂಬಕ್ಕೆ ಗುದ್ದಿಬಿಟ್ಟೆ. ಅಣ್ಣ ಅಲ್ಲೇ ಇದ್ದ, ಪ್ಲಾಸ್ಟರ್ ಹಾಕಿದ."

"ಸರಿಯಾಗೇ ಮಾಡಿದೆ," ಎಂದೆ ನಾನು.

"ಇನ್ನೊಂದು ಸಲ ಪರೀಕ್ಷೆಗೆ ಕೂರಬಹುದು. ಮುಂದಿನ ವಾರ. ಅದೇ ಕೊನೇದು, ಆಮೇಲೆ ತಿಂಗಳು ಮುಗೀತು. ಆದರೆ ಮೇಡಂ, ನಂಬಿ ತಿರುಗಿಸಿದ ಕೈಯೇ ತಪ್ಪಿದ್ರೆ ಇನ್ನು ಯಾವ ಕೈ ನಂಬಲಿ? ಕಾರಿನ ಹತ್ತಿರ ಹೋಗೋಕೂ ಮನಸ್ಸಿಲ್ಲ."

ಅತ್ತಿಗೆ ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು. "ಕಾರು ನೋಡೋಣ ನಡಿ," ಎಂದರು.

ಡ್ರೈವಿಂಗ್ ಸ್ಕೂಲಿನವರನ್ನು ಊರೆಲ್ಲ ಕರೆಯುವುದು ಕ್ಲಚ್ ಮಾಮ ಎಂದು. ದಿನವಿಡೀ "ಕ್ಲಚ್ಚು! ಕ್ಲಚ್ಚು!" ಎಂದು ಕಿರುಚಿ ಕಿರುಚಿ ಅವರ ಗಂಟಲು ಒಡೆದುಹೋಗಿದೆ. ಲೈಬ್ರರಿ ತಂಗಿ ಗೇಟಿನ ಹೊರಗೇ ನಿಂತಳು. ತಗಡಿನ ಮಾಡಿನ ಕೆಳಗೆ ನಿಂತಿದ್ದ ಹಳೇ ಕಾರನ್ನು ಮಾಮ ನಮಗೆ ತೋರಿಸಿದರು.

"ಒಳ್ಳೇ ಹುಡುಗಿ ಕಣಮ್ಮ, ನನಗೂ ಬೇಜಾರು. ಏನು ಮಾಡೋದು, ಪರೀಕ್ಷೆ ಅಂದ ಕೂಡಲೇ ಕೈ ನಡುಗಿರುತ್ತೆ."

ಅತ್ತಿಗೆ ಕಾರಿನ ಸುತ್ತ ನಡೆದರು. ಹಿಂಬದಿಯ ಬಂಪರಿನ ಬಲಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕನ್ನಡಕ ಏರಿಸಿದರು. ಅಲ್ಲಿ ಕಂಬದ ಬಿಳಿ ಬಣ್ಣ ತೆಳ್ಳಗೆ ಮೆತ್ತಿತ್ತು. ತಗ್ಗಿಲ್ಲ, ಬಿರುಕಿಲ್ಲ.

"ಗಾಬರಿಯಾದವರು ಏನು ಮಾಡ್ತಾರೆ ಮಾಮ?" ಎಂದು ಕೇಳಿದರು.

"ಇನ್ನೇನು, ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತುತ್ತಾರೆ. ಇಲ್ಲಾ ಕ್ಲಚ್ ದಪ್ಪಂತ ಬಿಡ್ತಾರೆ. ನನ್ನ ಕತ್ತು ಉಳುಕಿರೋದೇ ಹಾಗೆ."

"ಹಾಗೆ ಬಂದಿದ್ರೆ ಇಲ್ಲಿ ಒಳಗೆ ತಗ್ಗು ಬೀಳಬೇಕಿತ್ತು. ಇದು ಬರೀ ಸವರಿಕೊಂಡು ಹೋದ ಗೆರೆ, ಒಂದೇ ಸಮ ಇದೆ. ಮೆಲ್ಲಗೆ ಬಂದಿದ್ದಾಳೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದ್ದಾಳೆ, ಕೈ ಒಂಚೂರೂ ಅಲುಗಾಡಿಲ್ಲ. ಹುಡುಗಿ ಹೇಳೋದು ನಿಜ. ಅವಳು ಹೆದರಿರ್ಲಿಲ್ಲ. ತಡವಾಗಿ ತಿರುಗಿಸಿದ್ದಾಳೆ, ಅಷ್ಟೆ. ಅದೇ ಸರಿಯಾದ ಹೊತ್ತು ಅಂತ ನಂಬಿಕೊಂಡು."

ನಾನು ಗೇಟಿನ ಕಡೆ ತಿರುಗಿ, "ಕೇಳಿಸ್ತಾ? ತಲೆ ಕೆಟ್ಟಿಲ್ಲವಂತೆ!" ಎಂದು ಕೂಗಿದೆ. ಅವಳು ಗೇಟಿನ ಸರಳು ಹಿಡಿದುಕೊಂಡು ಅಲ್ಲಿಯೇ ಅತ್ತಳು. ಮೂರು ದಿನದಿಂದ ಅವಳನ್ನು ಅಷ್ಟು ದೂರ ತಳ್ಳಿದ್ದವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ಗುರುತು ಅಂದಳಲ್ಲ, ಅದೆಲ್ಲಿ?" ಎಂದರು ಅತ್ತಿಗೆ.

ಮಾಮ ಹಿಂದಿನ ಎಡಬಾಗಿಲಿನ ಗಾಜು ತೋರಿಸಿದರು. ಅಲ್ಲಿ ಒಳಗಡೆ ಬೆರಳಗಲದ ಮೂರು ಟೇಪಿನ ತುಂಡುಗಳು ಅಂಟಿದ್ದವು, ಕೆಂಪು, ನೀಲಿ, ಹಳದಿ. ಅದು ಮಾಮ ತಾವೇ ಕಂಡುಕೊಂಡ ಪದ್ಧತಿ. ಒಬ್ಬರು ಎತ್ತರ, ಒಬ್ಬರು ಗಿಡ್ಡ. ಕೂತಲ್ಲಿಂದ ಕಂಬ ಒಬ್ಬೊಬ್ಬರಿಗೆ ಒಂದೊಂದು ಕಡೆ ಕಾಣುತ್ತದೆ. ಅದಕ್ಕೇ ಕಲಿಯುವವರನ್ನು ಕೂರಿಸಿ, ತಾವು ಹಿಂದೆ ಕೂತು, ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಗುರುತು ಹಾಕುತ್ತಾರೆ. ಹಿಂದಕ್ಕೆ ಬರುವಾಗ ಕಂಬ ತಮ್ಮ ಬಣ್ಣಕ್ಕೆ ಬಂತೋ, ಸ್ಟೇರಿಂಗ್ ಪೂರ್ತಿ ತಿರುಗಿಸುವುದು.

"ಅವಳದು ಹಳದಿ. ಅವತ್ತು ಕೆಂಪಿನವರು ಪಾಸು, ಆಮೇಲೆ ಇವಳು ಫೇಲು, ಆಮೇಲೆ ನೀಲಿಯವರು ಪಾಸು. ಅದೇ ಕಾರು! ಅದಕ್ಕೇ ನಾನು ಅವಳದೇ ತಪ್ಪು ಅಂದಿದ್ದು."

ಅತ್ತಿಗೆ ಬಾಗಿಲು ತೆರೆದು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು. ನಾನೂ ಬಗ್ಗಿದೆ. ಕೆಂಪು, ನೀಲಿ ತುಂಡುಗಳ ತುದಿ ಇಲಿ ಕಡಿದ ಹಾಗಿತ್ತು. ಹಳದಿ ಮಾತ್ರ ಚೆಂದವಾಗಿ ಕತ್ತರಿಸಿದ್ದು, ನಾಲ್ಕು ಮೂಲೆಯೂ ದುಂಡಗೆ. ಅದರಿಂದ ನಾಲ್ಕು ಬೆರಳು ಹಿಂದಕ್ಕೆ, ಗಾಜಿನ ಮೇಲೆ ಹಳೇ ಅಂಟಿನ ಕಲೆ. ಅದಕ್ಕೆ ಧೂಳು ಮೆತ್ತಿತ್ತು, ಅದರ ತುದಿಯೂ ಇಲಿ ಕಡಿದ ಹಾಗೇ.

ಮಾಮ ಇಣುಕಿದವರು ಹಾಗೇ ನಿಂತುಬಿಟ್ಟರು. "ಅಯ್ಯೋ! ನಾನು ಹಾಕಿದ್ದು ಅಲ್ಲಿ! ಇದ್ಯಾರು ಇಲ್ಲಿಗೆ ತಂದಿದ್ದು?"

"ಗುರುತು ಮುಂದಕ್ಕೆ ಬಂದರೆ ಕಂಬ ಗುರುತಿಗೆ ಬರೋದು ತಡ. ತಿರುಗಿಸೋದು ತಡ. ಹಿಂಭಾಗ ಹೋಗಿ ಬಲಗಡೆ ಕಂಬಕ್ಕೆ," ಎಂದರು ಅತ್ತಿಗೆ. "ಟೇಪಿನ ಸುರುಳಿ ಎಲ್ಲಿದೆ?"

ಸುರುಳಿಗಳು ಕಾರಿನ ಮುಂದಿನ ಖಾನೆಯಲ್ಲೇ ಇದ್ದವು. ಮಾಮ ಅಲ್ಲಿ ಕತ್ತರಿ ಇಟ್ಟಿರಲಿಲ್ಲ. ಹಲ್ಲಿನಲ್ಲೇ ಕಚ್ಚಿ ಹರಿಯುತ್ತಾರಂತೆ. ಅತ್ತಿಗೆ ಹಳದಿ ಸುರುಳಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಅದರ ತುದಿಯನ್ನು ಯಾರೋ ಒಳಗೆ ಮಡಚಿಟ್ಟಿದ್ದರು.

"ಮಡಚೋದೆಲ್ಲ ನನಗೆ ಗೊತ್ತಿಲ್ಲಪ್ಪ. ಪ್ರತಿ ಸಲ ಉಗುರಲ್ಲಿ ಕೆರೆದು ತುದಿ ಹುಡುಕೋದೇ ನನ್ನ ಹಣೆಬರಹ," ಎಂದರು ಮಾಮ.

ಮಾಮ ಹೇಳಿದ ಪ್ರಕಾರ, ಪರೀಕ್ಷೆಯ ದಿನ ಕೆಂಪಿನವರು ಮುಗಿಸಿ ಬಂದ ಮೇಲೆ, ಕಾಗದಪತ್ರ ತೋರಿಸಲು ಎಲ್ಲರನ್ನೂ ಕಚೇರಿಯ ಕಿಟಕಿಗೆ ಕರೆದಿದ್ದರು. ಕಾರು ಬೀಗ ಹಾಕದೆ ಮೈದಾನದ ಅಂಚಿನಲ್ಲಿ ನಿಂತಿತ್ತು. ಮಾಮ ವಾಪಸು ಬಂದಾಗ ಲೈಬ್ರರಿಯ ಜವಾನ ಕಾರಿಗೆ ಒರಗಿ ನಿಂತಿದ್ದ. ಲೈಬ್ರರಿ ತಂಗಿಯ ಅಣ್ಣ ಅವಳಿಗೆಂದು ನೀರಿನ ಬಾಟಲಿಯನ್ನು ಸೀಟಿನ ಮೇಲೆ ಇಡುತ್ತಿದ್ದ. ಇನ್‌ಸ್ಪೆಕ್ಟರು ಕಚೇರಿಯ ಕಿಟಕಿಯ ಹಿಂದೆಯೇ ಇದ್ದ, ಕುರ್ಚಿ ಬಿಟ್ಟು ಎದ್ದಿರಲಿಲ್ಲ.

"ಜವಾನ!" ಎಂದೆ ನಾನು. "ಇನ್ನು ಯಾರು? ವ್ಯಾನು ಅವನ ಬಾಯಿಗೆ ಬೀಳುತ್ತಲ್ಲ! ಅತ್ತಿಗೆ, ನಡೀರಿ, ಅವನ ಕಿವಿ ಹಿಂಡೋಣ."

ಲೈಬ್ರರಿಯಲ್ಲಿ ಜವಾನ ಹರಿದ ಪುಸ್ತಕಗಳಿಗೆ ಟೇಪು ಹಚ್ಚುತ್ತ ಕೂತಿದ್ದ. ನಮ್ಮನ್ನು ನೋಡಿ ಹಲ್ಲು ಬಿಟ್ಟ. "ಪಾಪ, ಹೆಂಗಸರಿಗೆ ಕಷ್ಟ ಅಲ್ವಾ ಟೀಚರ್? ಮನೆಯಲ್ಲಿ ಕಡ್ಡಿ ಮುರಿಯದೆ ಇರೋ ನಾನೇ ಮೊದಲನೇ ಸಲಕ್ಕೆ ಪಾಸಾದೆ ಅಂದ್ರೆ ನೋಡಿ."

ನನ್ನ ಮೈಯೆಲ್ಲ ಉರಿಯಿತು. ಅತ್ತಿಗೆ ನನ್ನ ಮೊಣಕೈ ಹಿಡಿದುಕೊಂಡೇ ಕೇಳಿದರು, "ಅವತ್ತು ಅಲ್ಲಿಗೆ ಯಾಕಪ್ಪಾ ಹೋಗಿದ್ದೆ?"

"ಫೇಲಾಗೋದು ನೋಡೋಕೆ," ಎಂದ, ನಾಚಿಕೆಯಿಲ್ಲದೆ. "ಆದ್ರೆ ನಾನೇನೂ ಮಾಡಿಲ್ಲಪ್ಪ. ನೆರಳಿತ್ತು, ಕಾರಿಗೆ ಬೆನ್ನು ಕೊಟ್ಟು ಒರಗಿದ್ದೆ."

"ಗಾಜಿನ ಮೇಲೆ ಬಣ್ಣದ ಪಟ್ಟಿಗಳಿದ್ದವಲ್ಲ?"

"ಇದ್ದವು. ಅಂದಕ್ಕೆ ಅಂತ ಅಂಟಿಸಿರೋದಲ್ವಾ ಅವು?"

ನಾಟಕ ಎಂದುಕೊಂಡೆ. ಅತ್ತಿಗೆ ಮಾತ್ರ ಅವನ ಪಕ್ಕದಲ್ಲಿದ್ದ ಪುಸ್ತಕವೊಂದನ್ನು ತೆಗೆದು ನೋಡುತ್ತಿದ್ದರು. ಟೇಪು ಸೊಟ್ಟಗೆ ಸುಕ್ಕುಗಟ್ಟಿ ಕೂತಿತ್ತು, ಅರ್ಧ ಪುಟದ ಅಕ್ಷರ ಅದರಡಿ ಹೂತುಹೋಗಿತ್ತು. ಆ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಇನ್ನು ಅವಳ ಮನೆ," ಎಂದರು.

ಅವಳದು ಓಣಿಯ ಕೊನೆಯ ಮನೆ. ಅಪ್ಪ ಲಾರಿ ಡ್ರೈವರಾಗಿದ್ದವರು. ಪಾರ್ಶ್ವವಾಯು ಹೊಡೆದು ಈಗ ಕಿಟಕಿಯ ಪಕ್ಕದ ಕುರ್ಚಿಯೇ ಗತಿ. ಎಡಗೈ ಆಡುತ್ತದೆ, ಮಾತು ಅರ್ಧಂಬರ್ಧ. ಅವರಿಗೆ ತಿನ್ನಿಸುವುದು, ಮೈ ಒರೆಸುವುದು, ರಾತ್ರಿ ಎದ್ದು ಮಗ್ಗುಲು ಬದಲಿಸುವುದು ಎಲ್ಲ ಲೈಬ್ರರಿ ತಂಗಿಯೇ. ಅಡುಗೆಯೂ ಅವಳದೇ. ಅಣ್ಣನಿಗೆ ಹೆಂಡತಿ ಇದ್ದಾಳೆ, ಅವಳು ಬೇರೆ ಊರಲ್ಲಿ ಕೆಲಸ ಮಾಡಿಕೊಂಡು ರಜೆಗೆ ಬರುತ್ತಾಳೆ. ಅಣ್ಣ ಒಳ್ಳೆಯ ಮಾತಿನ ಮನುಷ್ಯ. ನಮಗೆ ಕುರ್ಚಿ ಹಾಕಿ, ಟೀ ತರಲು ತಂಗಿಗೆ ಹೇಳಿದ.

"ನನಗೆ ಹೊಟ್ಟೆ ಉರಿದುಹೋಯ್ತು ಟೀಚರ್. ಎಷ್ಟು ಕಷ್ಟಪಟ್ಟು ಕಲಿತಳು! ಸಂಜೆ ಆಸ್ಪತ್ರೆಯಿಂದ ಬಂದು, ದಣಿದಿದ್ರೂ ನಾನೇ ಅಂಗಳದಲ್ಲಿ ಪೊರಕೆ ಹಿಡ್ಕೊಂಡು ಕಂಬದ ಹಾಗೆ ನಿಲ್ತಿದ್ದೆ. ಇವಳು ಕುರ್ಚಿ ಮೇಲೆ ಕೂತು, 'ನನ್ನ ಹಳದಿಗೆ ಬಂತು, ತಿರುಗಿಸಿದೆ' ಅಂತ ಅಭ್ಯಾಸ ಮಾಡ್ತಿದ್ದಳು."

"ಆಸ್ಪತ್ರೆಯಲ್ಲಿ ಏನು ಕೆಲಸ?" ಎಂದರು ಅತ್ತಿಗೆ.

"ಡ್ರೆಸ್ಸರ್. ಗಾಯ ತೊಳೆದು ಪಟ್ಟಿ ಹಾಕೋದು. ದಿನಾ ಊರಿನ ಅರ್ಧ ಗಾಯ ನನ್ನ ಕೈಮೇಲೇ ಹೋಗುತ್ತೆ." ನಕ್ಕ. "ನಾನು ಹೇಳಿದೆ, ಹೋಗ್ಲಿ ಬಿಡು, ಎಲ್ಲರಿಗೂ ಎಲ್ಲಾ ಆಗಲ್ಲ. ಗಾಬರಿ ಸ್ವಭಾವ ಇವಳದು ಚಿಕ್ಕಂದಿನಿಂದ."

ಕಿಟಕಿಯ ಕಡೆಯಿಂದ ಗೊರಗೊರ ಸದ್ದು ಬಂತು. ಅಪ್ಪ ಎಡಗೈಯಿಂದ ಕುರ್ಚಿ ತಟ್ಟುತ್ತಿದ್ದರು. "ಗಾ... ಗಾಬರಿ? ಇವಳಾ?" ಎಂದರು, ಕಷ್ಟಪಟ್ಟು. "ಲಾರಿ... ಹಿಂದೆ ನಿಂತು... 'ಬರ್ಲಿ, ಬರ್ಲಿ' ಅಂತ... ಇಷ್ಟುದ್ದ ಇದ್ದಾಗ್ಲೇ..." ಅವರ ಬಾಯಿ ಒರೆಸಲು ಲೈಬ್ರರಿ ತಂಗಿ ಓಡಿ ಬಂದಳು. ಅಣ್ಣ ಕೂತಲ್ಲಿಂದ ಏಳಲಿಲ್ಲ.

ದಾರಿಯಲ್ಲಿ ನಾನು ಜವಾನನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಲೇ ಬಂದೆ. ಅತ್ತಿಗೆ ಮನೆಯ ಬೀಗ ತೆಗೆಯುತ್ತ, "ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಮಾಮನ ಅಂಗಳಕ್ಕೆ ಬರೋಕೆ ಹೇಳು," ಎಂದರು. "ಹುಡುಗಿಯ ಎರಡನೇ ಪರೀಕ್ಷೆಗೆ ಹೊಸ ಗುರುತು ಹಾಕೋದಿದೆ, ನಾಲ್ಕು ಜನ ಇರಲಿ ಅಂತ. ನಿನ್ನ ಆ ಶಿಷ್ಯನನ್ನೂ ಕರಿ."

ಭಾನುವಾರ ಶಿಷ್ಯ ಬಂದ, ಮೀಸೆ ತಿರುವಿಕೊಂಡು. "ಟೀಚರ್, ಸರ್ಕಾರಿ ಕೆಲಸದಲ್ಲಿ ಹೀಗೆಲ್ಲ ಕರೆಯೋ ಹಾಗಿಲ್ಲ," ಎಂದ. ನಾನು ಸೀಟಿಗೆ ಕೈ ಹಾಕಿದೆ. ಅವನು ಹೋಗಿ ಸಾಲಿನಲ್ಲಿ ನಿಂತ. ಮಾಮ, ಜವಾನ, ಅಣ್ಣ, ಇನ್‌ಸ್ಪೆಕ್ಟರು; ಕಾರಿನ ಆಚೆ ಲೈಬ್ರರಿ ತಂಗಿ.

ಅತ್ತಿಗೆ ಹಳದಿ ಸುರುಳಿ ಹಿಡಿದುಕೊಂಡರು. "ನನಗೆ ಇತ್ತೀಚೆಗೆ ಕೈ ನಡುಗುತ್ತೆ. ಗಟ್ಟಿಯಾಗಿ ಅಂಟಿರೋ ಹಾಗೆ ಒಂದೊಂದು ತುಂಡು ಮಾಡಿ ಗಾಜಿಗೆ ಹಚ್ಚಿಕೊಡಿ. ಯಾವುದು ಚೆನ್ನಾಗಿದೆಯೋ ಅದನ್ನೇ ಇಟ್ಕೊಳ್ಳೋಣ."

ಅತ್ತಿಗೆಯ ಕೈ ನಡುಗಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಆದರೂ ಬಾಯಿ ಮುಚ್ಚಿಕೊಂಡಿದ್ದೆ, ಅದು ನನಗೆ ಸುಲಭವಲ್ಲ. ಮಾಮ ತುದಿಯನ್ನು ಉಗುರಲ್ಲಿ ಕೆರೆದು, ಹಲ್ಲಲ್ಲಿ ಕಚ್ಚಿ ಹರಿದು ಹಚ್ಚಿದರು. ಜವಾನ ಎಳೆದ ಟೇಪು ಅವನ ಬೆರಳಿಗೇ ಸುತ್ತಿಕೊಂಡಿತು. ಕಿತ್ತು ಕಿತ್ತು ಕೊನೆಗೊಂದು ಸೊಟ್ಟ ತುಂಡು ಗಾಜಿಗೆ ಬಂತು. ಇನ್‌ಸ್ಪೆಕ್ಟರು ಬೀಗದ ಕೈಯಿಂದ ಗೀರಿ ಚೌಕವಾಗಿ ತೆಗೆದ. ಅಣ್ಣ ಅಂಗಿ ಜೇಬಿನಿಂದ ಪುಟ್ಟ ಕತ್ತರಿ ತೆಗೆದ. ಟೇಪು ಎಳೆದು ಕತ್ತರಿಸಿದ. ಕಚ್ ಕಚ್ ಕಚ್ ಕಚ್ ಎಂದು ನಾಲ್ಕೂ ಮೂಲೆಯನ್ನು ದುಂಡಗೆ ಮಾಡಿದ. ಹೆಬ್ಬೆರಳಿನಿಂದ ಒತ್ತಿ ಗಾಜಿಗೆ ಹಚ್ಚಿದ. ಸುರುಳಿಯ ತುದಿಯನ್ನು ಒಳಗೆ ಮಡಚಿ ಅತ್ತಿಗೆಯ ಕೈಗೆ ವಾಪಸು ಕೊಟ್ಟ.

ಆಮೇಲೆ ಅವನ ಕಣ್ಣು ಗಾಜಿಗೆ ಹೋಯಿತು. ಅಲ್ಲಿ ಮೊದಲೇ ಇದ್ದ ಹಳದಿ ತುಂಡಿನ ಪಕ್ಕದಲ್ಲೇ ಅವನದು ಕೂತಿತ್ತು. ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಯಾರೂ ಮಾತಾಡುವ ಮೊದಲೇ ಲೈಬ್ರರಿ ತಂಗಿ ಕಾರನ್ನು ಸುತ್ತಿ ಬಂದಳು. ತನ್ನ ಗೆಣ್ಣಿನ ಮೇಲಿನ ಪ್ಲಾಸ್ಟರನ್ನು ಸರ್ರನೆ ಕಿತ್ತು ಆ ಎರಡರ ಪಕ್ಕಕ್ಕೆ ಅಂಟಿಸಿದಳು. ನಾಲ್ಕು ದುಂಡು ಮೂಲೆ.

"ಹೇಳಿ ಮೇಡಂ," ಎಂದಳು, ಅಣ್ಣನ ಮುಖವನ್ನೇ ನೋಡುತ್ತ. "ಮೊದಲಿಂದ ಹೇಳಿ. ಒಂದನ್ನೂ ಬಿಡಬೇಡಿ."

ಅತ್ತಿಗೆ ಹೇಳಿದರು. "ಮೊದಲು ಬಂಪರ್. ಅದರ ಮೇಲಿನ ಗೆರೆ ಹುಡುಗಿ ಶಾಂತವಾಗಿದ್ದಳು ಅಂತ ಹೇಳಿತು. ಹಾಗಾದ್ರೆ ತಪ್ಪು ಗುರುತಿನದು. ಗಾಜಿನ ಮೇಲೆ ಹಳೇ ಅಂಟಿನ ಕಲೆ ಸಿಕ್ತು. ಮಾಮ ಹಾಕಿದ್ದನ್ನು ಕಿತ್ತು, ಹೊಸದನ್ನು ಮುಂದೆ ಹಚ್ಚಿದ್ದಾರೆ. ಕೆಂಪು ನೀಲಿ ಮುಟ್ಟಿಲ್ಲ, ಹಳದಿ ಮಾತ್ರ. ಅಂದ್ರೆ ಹಳದಿ ಯಾರದು, ಅದು ಯಾತಕ್ಕೆ, ಎರಡೂ ಗೊತ್ತಿರೋರ ಕೆಲಸ. ಕಾರಿನ ಹತ್ತಿರ ಇದ್ದವರು ಜವಾನ ಮತ್ತೆ ಅಣ್ಣ. ಜವಾನನಿಗೆ ಆಸೆ ಇತ್ತು, ಆದರೆ ಅವನ ಕೈಗೆ ಟೇಪು ನೆಟ್ಟಗೆ ಬರಲ್ಲ." ಕಂಕುಳಿನಲ್ಲಿದ್ದ ಪುಸ್ತಕ ತೆರೆದು ತೋರಿಸಿದರು. "ಮಾಮ ಹಲ್ಲಲ್ಲಿ ಹರಿಯೋರು. ಇದನ್ನು ಕತ್ತರಿಸಿದವರು ಜೇಬಲ್ಲಿ ಕತ್ತರಿ ಇಟ್ಕೊಂಡು ಓಡಾಡೋರು. ಮೂಲೆ ಚೂಪಾಗಿದ್ರೆ ಬಟ್ಟೆಗೆ ಸಿಕ್ಕಿ ಪ್ಲಾಸ್ಟರ್ ಏಳುತ್ತೆ, ಅದಕ್ಕೆ ಡ್ರೆಸ್ಸರುಗಳು ದುಂಡಗೆ ಕತ್ತರಿಸ್ತಾರೆ. ಮುಂದಿನ ರೋಗಿಗೆ ಬೇಗ ಸಿಗಲಿ ಅಂತ ಸುರುಳಿಯ ತುದಿ ಮಡಚಿಡ್ತಾರೆ. ಒಳ್ಳೇ ಅಭ್ಯಾಸ. ನೀರಿನ ಬಾಟಲಿ ಇಡೋ ನೆಪದಲ್ಲಿ ತಂಗಿಗೆ ಮೋಸ ಮಾಡುವಾಗಲೂ ಕೈ ಅದನ್ನೇ ಮಾಡ್ತು."

ಇನ್‌ಸ್ಪೆಕ್ಟರು ಕೆಮ್ಮಿದ. ಅಣ್ಣ ಕತ್ತರಿಯನ್ನು ಜೇಬಿಗೆ ಹಾಕಲು ನೋಡಿದ, ಅದು ಜೇಬು ತಪ್ಪಿ ಕೆಳಗೆ ಬಿತ್ತು.

"ಮನೆ ಒಳ್ಳೇದಕ್ಕೇ ಮಾಡಿದ್ದು," ಎಂದ ಕೊನೆಗೆ. "ಎರಡೆರಡು ರಾತ್ರಿ ಇವಳು ಹೊರಗಿದ್ರೆ ಅಪ್ಪನನ್ನ ನೋಡ್ಕೊಳ್ಳೋರು ಯಾರು? ನಾನು ದಿನವಿಡೀ ಗಾಯ ತೊಳೆದು ಬರ್ತೀನಿ. ಮನೇಲೂ ಅದೇ ಮಾಡ್ಲಾ? ಒಂದು ಸಲ ಫೇಲಾದ್ರೆ ತಾನಾಗೇ ಸುಮ್ಮನಾಗ್ತಾಳೆ ಅಂದ್ಕೊಂಡೆ. ಯಾರಿಗೂ ಪೆಟ್ಟಾಗಲಿಲ್ಲವಲ್ಲ!"

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. "ಪೆಟ್ಟಾಗಲಿಲ್ಲವಾ? ಊರವರ ಗಾಯಕ್ಕೆಲ್ಲ ಪಟ್ಟಿ ಹಾಕೋ ಕೈಗೆ ಹೆತ್ತ ಅಪ್ಪನ ಬಾಯಿ ಒರೆಸೋಕೆ ಆಗಲ್ವಾ? ಥೂ ನಿನ್ನ! ಎದುರಿಗೆ ನಿಂತು 'ಹೋಗಬೇಡ' ಅನ್ನೋ ಧೈರ್ಯ ಇರ್ಲಿಲ್ಲ, ಪೊರಕೆ ಹಿಡ್ಕೊಂಡು ನಾಟಕ ಆಡೋಕೆ ಬಂತು!"

"ಟೀಚರ್," ಎಂದಳು ಲೈಬ್ರರಿ ತಂಗಿ. ನಾನು ನಿಲ್ಲಿಸಿದೆ. ಅವಳ ದನಿ ಲೈಬ್ರರಿಯಲ್ಲಿ ಇರುವಷ್ಟೇ ಮೆತ್ತಗಿತ್ತು.

"ಕೇಳಬಹುದಿತ್ತಲ್ಲ ಅಣ್ಣ. ಇಬ್ಬರೂ ಕೂತು ಒಂದು ದಾರಿ ಮಾಡ್ಕೋಬಹುದಿತ್ತು. ಇಷ್ಟು ದಿನ ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ನನ್ನ ಕೈಯನ್ನೇ ನಾನು ನಂಬಲಿಲ್ಲ. ನೀನು ಎದುರಿಗೇ ಕೂತು ಆ ಕೈಗೆ ಪ್ಲಾಸ್ಟರ್ ಹಾಕಿದೆ. ಊದಿ ಊದಿ ಹಾಕಿದೆ." ಅವಳು ಕೆಳಗೆ ಬಿದ್ದಿದ್ದ ಕತ್ತರಿಯನ್ನು ಎತ್ತಿ ಅವನ ಕೈಗಿಟ್ಟಳು. "ಇವತ್ತಿನಿಂದ ರಾತ್ರಿ ಅಪ್ಪ ನಿನ್ನ ಪಾಲು. ಊರಲ್ಲಿದ್ದಾಗ ಹಗಲು ನನ್ನದು, ಇಲ್ಲದಾಗ ಅದಕ್ಕೂ ನೀನೇ ದಾರಿ ನೋಡು. ಇದನ್ನ ನಾನು ಕೇಳ್ತಾ ಇಲ್ಲ, ಹೇಳ್ತಾ ಇದೀನಿ."

ನಾನು ಇನ್‌ಸ್ಪೆಕ್ಟರ ಕಡೆ ತಿರುಗಿದೆ. "ನೀನೇನಪ್ಪಾ? ಗಾಬರಿ ಸ್ವಭಾವ ಅಂತ ಬರೆದೆಯಲ್ಲ. ಬಂಪರ್ ನೋಡೋಕೆ ಕುರ್ಚಿ ಬಿಟ್ಟು ಎದ್ದಿದ್ಯಾ?"

"ಇಲ್ಲ ಟೀಚರ್," ಎಂದ ಅವನು, ನೆಲ ನೋಡುತ್ತ. "ಆ ಮಾತು ಅಳಿಸ್ತೀನಿ. ಆದ್ರೆ ಪಾಸು ಅಂತ ಬರೆಯೋಕೆ ಆಗಲ್ಲ. ಅವರು ಇನ್ನೊಂದು ಸಲ ಓಡಿಸಿ ತೋರಿಸಬೇಕು."

"ನನಗೆ ಬಿಟ್ಟಿ ಪಾಸು ಬೇಡ," ಎಂದಳು ಲೈಬ್ರರಿ ತಂಗಿ. ಮಾಮ ಹೊಸ ಗುರುತು ಹಾಕಲು ಸುರುಳಿ ಎತ್ತಿಕೊಂಡಿದ್ದರು. ಅವಳು ಕೈ ಅಡ್ಡ ಹಿಡಿದು, ಗಾಜಿನ ಮೇಲಿನ ಹಳದಿಗಳನ್ನೆಲ್ಲ ಒಂದೊಂದಾಗಿ ಕಿತ್ತಳು. "ಇದೂ ಬೇಡ ಮಾಮ. ಕತ್ತು ತಿರುಗಿಸಿ ಕಂಬವನ್ನೇ ನೋಡೋದು ಹೇಳಿಕೊಡಿ."

ಮಾಮ ಗೊಣಗಿದರು, ತಮ್ಮ ಪದ್ಧತಿಗೆ ಅವಮಾನವಾಯಿತೆಂದರು, ಆಮೇಲೆ ಹೇಳಿಕೊಟ್ಟರು. ಆ ವಾರವೆಲ್ಲ ಅವಳು ಕಾರಿನಲ್ಲಿ, ನಾನು ಕಂಬಗಳ ಹತ್ತಿರ ಸೀಟಿ ಹಿಡಿದು. ಮೊದಲ ದಿನ ಎಡಗಡೆಯದಕ್ಕೂ ತಗಲಿಸಿದಳು, ಬಲಗಡೆಯದಕ್ಕೂ ತಗಲಿಸಿದಳು, ಒಮ್ಮೆ ನನ್ನ ಕಾಲ್ಬೆರಳಿಗೂ ಬಂದಿತ್ತು. ನಾನು ಬೈದೆ, ಅವಳು ನಕ್ಕಳು. ವಾರದ ಕೊನೆಗೆ ನಾನು ಸೀಟಿ ಊದುವ ಕೆಲಸವೇ ಉಳಿಯಲಿಲ್ಲ.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಕುರ್ಚಿ ಬಿಟ್ಟು ಮೈದಾನಕ್ಕೇ ಬಂದು ನಿಂತ. ಅವಳು ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಟಳು, ಅಂಕುಡೊಂಕಾಗಿ ಬಿಟ್ಟಳು, ಕೈ ತೋರಿಸಿ ತಿರುಗಿದಳು. ಕೊನೆಗೆ ಹಿಮ್ಮುಖ. ಕತ್ತು ಹೊರಳಿಸಿ, ಬರಿಯ ಗಾಜಿನಾಚೆ ಕಂಬವನ್ನೇ ನೋಡುತ್ತ ಮೆಲ್ಲಗೆ ಬಂದಳು. ನಾನು ಸೀಟಿಯನ್ನು ತುಟಿಗಿಟ್ಟುಕೊಂಡೆ. ಅತ್ತಿಗೆ ಹೊಸ ಲವಂಗ ಬಾಯಿಗೆ ಹಾಕಿಕೊಂಡರು. ಕಾರು ಕಂಬಗಳ ನಡುವೆ ಬಂದು ನಿಂತಿತು. ನಾನು ಊದಿದ ಸೀಟಿಗೆ ಮೈದಾನದಲ್ಲಿದ್ದ ಬೇರೆ ಎರಡು ಕಾರುಗಳೂ ಗಕ್ಕನೆ ನಿಂತವು. ಇನ್‌ಸ್ಪೆಕ್ಟರು ತಾನೇ ಹೋಗಿ ಅವಳಿಗೆ ಬಾಗಿಲು ತೆರೆದ.

ವ್ಯಾನು ಅವಳ ಕೈಗೆ ಬಂದ ಮೊದಲ ಬೆಳಿಗ್ಗೆ, ಹಳ್ಳಿಗಳ ಕಡೆ ಹೊರಡುವ ಮುಂಚೆ ಅಪ್ಪನಿಗೆ ತೋರಿಸಲು ಓಣಿಗೆ ತಂದಳು. ಹಿಂದೆ ಪುಸ್ತಕ ತುಂಬಿತ್ತು. ನಾವಿಬ್ಬರೂ ಹೋಗಿದ್ದೆವು. ಅಪ್ಪ ಕಿಟಕಿಯಲ್ಲಿ ಕೂತಿದ್ದರು, ಮುಖ ತೊಳೆದು ತಲೆ ಬಾಚಿತ್ತು. ರಾತ್ರಿಯ ಪಾಳಿ ಯಾರದೆಂದು ನನಗೆ ಗೊತ್ತಿತ್ತು. ಅಣ್ಣ ಕೆಂಪು ಕಣ್ಣು ಮಾಡಿಕೊಂಡು ನೀರಿನ ಬಾಟಲಿ ಹಿಡಿದು ಹೊರಗೆ ಬಂದ.

"ನೀರು ಇದೆ," ಎಂದಳು ಅವಳು. "ನಾಡಿದ್ದು ಬರ್ತೀನಿ. ಅಪ್ಪನ ಬೆನ್ನಿಗೆ ಪುಡಿ ಹಾಕೋದು ಮರೀಬೇಡ."

ಓಣಿಯಲ್ಲಿ ತಿರುಗಿಸಲು ಜಾಗವಿರಲಿಲ್ಲ, ಹಿಮ್ಮುಖವಾಗಿಯೇ ಹೊರಗೆ ಹೋಗಬೇಕು. ಅಣ್ಣ ಬಾಟಲಿ ಅವುಚಿಕೊಂಡು ಬಲಗಡೆಯ ಗೋಡೆಗೆ ಒತ್ತಿ ನಿಂತ, ಪೊರಕೆ ಹಿಡಿದು ನಿಂತಂತೆಯೇ. ಕಿಟಕಿಯಿಂದ ಅಪ್ಪನ ಎಡಗೈ ಹೊರಗೆ ಬಂತು. "ಬರ್ಲಿ... ಬರ್ಲಿ... ಬರ್ಲಿ..." ಎಂದರು, ಪ್ರತಿ ಮಾತೂ ಸ್ಪಷ್ಟವಾಗಿ. ಅವಳು ಕತ್ತು ಹೊರಳಿಸಿ, ಯಾರಿಗೂ ದಾರಿ ಕೇಳದೆ, ಅಷ್ಟು ದೊಡ್ಡ ವ್ಯಾನನ್ನು ಅಣ್ಣನ ಎದೆಯಿಂದ ನಾಲ್ಕು ಬೆರಳು ದೂರದಲ್ಲಿ ದಾಟಿಸಿಕೊಂಡು ಹೋದಳು. ಒಂಚೂರೂ ತಗಲಲಿಲ್ಲ.

ನಾನಾಗಿದ್ದರೆ ಸ್ವಲ್ಪ ತಗಲಿಸುತ್ತಿದ್ದೆ.